ಮಾಯದ ಗಾಯಕ್ಕೆ ಮೂರು ದಿನದ ಕೋರ್ಸು

ಉದ್ದದ ಪೋಸ್ಟು ಇದು, ಪುರುಸೊತ್ತಾದಾಗ ಓದಿ. ಆದರೆ ನಿಮ್ಮ ಕೇರಿಯ ಹುಡುಗ ಹುಡುಗೀರು ಯಾರಾದರೂ ‘ಟ್ರಾಮಾ ಹೀಲಿಂಗ್’ ಕೋರ್ಸಿಗೆ ದುಡ್ಡು ಕಟ್ಟೋಕೆ ಹೊರಟಿದ್ದರೆ, ಕಟ್ಟೋ ಮುಂಚೆ ಅವರಿಗೆ ಓದಿಸಿ.

ನಮ್ಮ ಸಾತನೂರು ಹೋಬಳಿಯ ಒಂದು ಹುಡುಗಿ. ಅವಳನ್ನ ಕೇಳಿಯೇ ಬರೀತಿದ್ದೀನಿ. ಹೆಸರು, ಊರು ಹಾಕಬೇಡಿ ಅಣ್ಣ ಅಂದಳು, ಹಾಕಲ್ಲ. ನಾಲ್ಕು ವರ್ಷದ ಹಿಂದೆ ಹಬ್ಬದ ದಿನ ಅರಳಿಕಟ್ಟೆ ಮೇಲೆ ಕೂತ ಅನ್ನೋ ಕಾರಣಕ್ಕೆ ಅವಳಪ್ಪನಿಗೆ ಹೊಡೆದರು. ಅವಳ ಕಣ್ಣೆದುರೇ ಹೊಡೆದರು. ಅಟ್ರಾಸಿಟಿ ಕೇಸಾಯ್ತು, ಚಾರ್ಜ್‌ಶೀಟೂ ಆಯ್ತು. ಅವಳು ಸಾಕ್ಷಿ. ಅವತ್ತಿಂದ ರಾತ್ರಿ ಮನೆ ಮುಂದೆ ಬೈಕ್ ನಿಂತ ಸದ್ದಾದರೆ ಎದ್ದು ಕೂರ್ತಾಳೆ. ವಾಯಿದೆ ಹತ್ತಿರ ಬಂದರೆ ಗಂಟಲು ಕಟ್ಟುತ್ತೆ, ಮುದ್ದೆ ಇಳಿಯಲ್ಲ. ಬೆಂಗಳೂರಲ್ಲಿ ಒಂದು ಆಫೀಸಿನಲ್ಲಿ ಕೆಲಸ ಮಾಡ್ತಾಳೆ, ಚೆನ್ನಾಗಿಯೇ ಮಾಡ್ತಾಳೆ. ಹೊರಗಿಂದ ನೋಡಿದವರಿಗೆ ಏನೂ ಗೊತ್ತಾಗಲ್ಲ.

ಹೋದ ವರ್ಷ ಅವಳ ಮೊಬೈಲಿಗೆ ಒಂದು ಜಾಹೀರಾತು ಬಂತು. ಹಳೇ ನೋವಿನಿಂದ ಬಿಡುಗಡೆ, ಮೂರು ದಿನದ ಕೋರ್ಸು, 18,000 ರೂಪಾಯಿ. ಕೈಸಾಲ ಮಾಡಿ ಕಟ್ಟಿದಳು. ನನಗೆ ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ. ಎರಡನೇ ದಿನ ಆ ಕೋಚ್ ಎಲ್ಲರಿಗೂ ಕಣ್ಣು ಮುಚ್ಚಿಸಿ, ನಿಮಗೆ ನೋವು ಕೊಟ್ಟವರನ್ನ ಮನಸ್ಸಲ್ಲೇ ಎದುರಿಗೆ ಕೂರಿಸಿಕೊಳ್ಳಿ, ನಿಮ್ಮನ್ನ ಗಟ್ಟಿ ಮಾಡಿದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಿ ಒಂದು ಕಾಗದ ಬರೀರಿ ಅಂದರಂತೆ. ಇವಳಿಗೆ ಮೈಯೆಲ್ಲಾ ನಡುಕ ಬಂದು ಹೊರಗೆ ಹೋಗಿ ಬಾತ್‌ರೂಮಲ್ಲಿ ಕೂತಿದ್ದಾಳೆ. ನೀವಿನ್ನೂ ‘ವಿಕ್ಟಿಮ್ ಮೈಂಡ್‌ಸೆಟ್’ನಲ್ಲಿದ್ದೀರ, ಮುಂದಿನ ಲೆವೆಲ್ ಕೋರ್ಸು ತಗೊಳ್ಳಿ ಅಂತ ಸಲಹೆ ಬೇರೆ. ರಾತ್ರಿ ಕೊನೇ ಬಸ್ಸಿಗೆ ಊರಿಗೆ ಬಂದವಳು ಹತ್ತು ದಿನ ಯಾರ ಜೊತೇನೂ ಮಾತಾಡಲಿಲ್ಲ. ಅವಳಮ್ಮ ನಮ್ಮನೆಗೆ ಬಂದು, “ಕೇಸಾದಾಗ್ಲೂ ಹಿಂಗಿರ್ಲಿಲ್ಲ ಕನಪ್ಪ ಇವ್ಳು” ಅಂತ ಗೋಡೆಗೊರಗಿ ಕೂತುಬಿಟ್ಟರು.

ಆವಾಗಿಂದ ಓದೋಕೆ ಶುರು ಮಾಡಿದೆ. ಈ ಕೋಚ್ ಅನ್ನೋನು ಯಾರು, ಸೈಕೋಥೆರಪಿಸ್ಟ್ ಅನ್ನೋನು ಯಾರು, ಎಲ್ಲಿಂದ ಬಂದರು, ನಮ್ಮಂಥವರ ಗಾಯಕ್ಕೆ ಯಾರನ್ನ ಕೇಳಬೇಕು. ನಾನು ಡಾಕ್ಟರಲ್ಲ. ಮೂವತ್ತು ವರ್ಷ ಅಟ್ರಾಸಿಟಿ ಕೇಸುಗಳ ಹಿಂದೆ ಓಡಾಡಿದವನು, ಅಷ್ಟೆ.

ನಮ್ಮ ಕಡೆ ಕೋಚಿಂಗ್ ಅಂದರೆ ಪಿಯುಸಿ, ಎಫ್‌ಡಿಎ, ಕೆಎಎಸ್ ಕೋಚಿಂಗು. ಆ ಪದದ ಹುಟ್ಟೂ ಅಲ್ಲೇ ಇದೆ. ಹಂಗೇರಿಯ ಕೋಚ್ ಅನ್ನೋ ಊರಲ್ಲಿ ಮಾಡ್ತಿದ್ದ ಕುದುರೆಗಾಡಿಗೆ ಊರ ಹೆಸರೇ ಬಂತು. 1830ರ ಹೊತ್ತಿಗೆ ಆಕ್ಸ್‌ಫರ್ಡ್‌ನ ಹುಡುಗರು ಪರೀಕ್ಷೆ ದಾಟಿಸೋ ಖಾಸಗಿ ಮೇಷ್ಟ್ರನ್ನ ತಮಾಷೆಗೆ ಕೋಚ್ ಅಂದರು, ಗಾಡಿ ಥರ ಆಚೆ ದಡಕ್ಕೆ ಮುಟ್ಟಿಸ್ತಾನೆ ಅಂತ. ಆಮೇಲೆ ಆಟದ ಮೈದಾನಕ್ಕೆ ಹೋಯ್ತು. 1974ರಲ್ಲಿ ಅಮೆರಿಕದ ಟೆನಿಸ್ ಮೇಷ್ಟ್ರು ತಿಮೊತಿ ಗ್ಯಾಲ್ವೇ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಅಂತ ಪುಸ್ತಕ ಬರೆದರು. ಎದುರಾಳಿಗಿಂತ ನಮ್ಮ ತಲೆಯೊಳಗಿನ ಅನುಮಾನವೇ ನಮ್ಮನ್ನ ಸೋಲಿಸೋದು ಅನ್ನೋದು ಅದರ ಸಾರ. ಕಂಪನಿಯವರಿಗೆ ಇದು ಹಿಡಿಸಿತು, ಮ್ಯಾನೇಜರುಗಳಿಗೆ ಕಲಿಸಿದರು. 1992ರಲ್ಲಿ ಥಾಮಸ್ ಲಿಯೊನಾರ್ಡ್ ಕೋಚ್‌ಗಳನ್ನ ತಯಾರು ಮಾಡೋ ಸಂಸ್ಥೆ ತೆಗೆದರು, 1995ರಲ್ಲಿ ಕೋಚ್‌ಗಳ ಅಂತರರಾಷ್ಟ್ರೀಯ ಒಕ್ಕೂಟವೂ ಆಯ್ತು. ಅಂದರೆ ಈ ವಿದ್ಯೆ ಬೆಳೆದಿದ್ದು ಮೈ ಮನಸ್ಸು ಹೆಚ್ಚುಕಮ್ಮಿ ನೆಟ್ಟಗಿದ್ದು ಇನ್ನೂ ಚೆನ್ನಾಗಿ ಆಡಬೇಕು ಅನ್ನೋರ ನಡುವೆ. ಅಲ್ಲಿ ತಪ್ಪೇನಿಲ್ಲ. ಆ ಒಕ್ಕೂಟವೇ ತನ್ನ ಕೋಚ್‌ಗಳಿಗೆ, ಎದುರಿಗಿರೋರಿಗೆ ಚಿಕಿತ್ಸೆ ಬೇಕು ಅನ್ನಿಸಿದರೆ ನೀವು ಕೈ ಹಾಕಬೇಡಿ, ಥೆರಪಿಸ್ಟ್ ಹತ್ತಿರ ಕಳಿಸಿ ಅಂತ ಹೇಳುತ್ತೆ. ಆದರೆ ನಮ್ಮ ದೇಶದಲ್ಲಿ ನಾಳೆ ಬೆಳಗ್ಗೆ ನಾನೇ ಫೋಟೋ ಹಾಕಿ ‘ಹೀಲಿಂಗ್ ಕೋಚ್’ ಅಂತ ಬರ್ಕೊಂಡರೂ ಯಾರೂ ಲೈಸೆನ್ಸ್ ಕೇಳಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕೋಕೆ ಮಾತ್ರ ಓದಿರಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು.

ಗಾಡಿ ಅಂದಾಗ ನನಗೆ ಬಾಬಾಸಾಹೇಬರ ಗಾಡಿ ನೆನಪಾಗುತ್ತೆ. 1901ರಲ್ಲಿ ಮನೆಯ ಬೇರೆ ಹುಡುಗರ ಜೊತೆ ಗೋರೆಗಾಂವ್‌ಗೆ ಅಪ್ಪನನ್ನ ನೋಡೋಕೆ ಹೊರಟಾಗ, ಜಾತಿ ಗೊತ್ತಾಗಿ ಯಾವ ಗಾಡಿಯವನೂ ಬರಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಹುಡುಗರೇ ಗಾಡಿ ಹೊಡ್ಕೊಂಡು, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಹೋಗೋದು ಅಂತ ಒಪ್ಪಂದವಾಯ್ತು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿರೋದು. ಅದೇ ಬರಹದಲ್ಲಿ ಬರೋಡಾದ ಪಾರ್ಸಿ ಛತ್ರದ ಪ್ರಸಂಗವೂ ಇದೆ. ದೊಣ್ಣೆ ಹಿಡಿದ ಜನ ಸಾಲಾಗಿ ನಿಂತು ಛತ್ರ ಬಿಡಿಸಿದ್ದನ್ನ ಹೇಳ್ತಾ, ಹದಿನೆಂಟು ವರ್ಷ ಕಳೆದರೂ ಆ ದೃಶ್ಯ ಮಾಸಿಲ್ಲ, ನೆನೆದಾಗಲೆಲ್ಲಾ ಕಣ್ಣಲ್ಲಿ ನೀರು ಬರುತ್ತೆ ಅಂತ ಒಪ್ಪಿಕೊಳ್ತಾರೆ. ಒಂದು ನಿಮಿಷ ಯೋಚನೆ ಮಾಡಿ. ಇದನ್ನ ಬರೆಯೋ ಹೊತ್ತಿಗೆ ಅವರು ಕೊಲಂಬಿಯಾ, ಲಂಡನ್ ಎರಡೂ ಕಡೆ ಓದು ಮುಗಿಸಿ ಬ್ಯಾರಿಸ್ಟರ್ ಆಗಿದ್ದರು. ಮಹಾಡ್‌ನ ಕೆರೆ ನೀರು ಮುಟ್ಟಿದ್ದರು. ದುಂಡುಮೇಜಿನ ಪರಿಷತ್ತಿಗೂ ಹೋಗಿ ಬಂದಿದ್ದರು. ಸಾಧನೆಯಿಂದಲೇ ಗಾಯ ಮಾಯೋದಾಗಿದ್ದರೆ ಅವರದ್ದು ಮಾಯಬೇಕಿತ್ತು. ಮುಂದೆ ನೋಡು, ಗೆಲ್ಲು, ಹಳೇದು ತಾನಾಗೇ ಹೋಗುತ್ತೆ ಅನ್ನೋ ಕೋಚ್‌ಗಳಿಗೆಲ್ಲಾ ನಾನು ಕೊಡೋ ಉತ್ತರ ಆ ಒಂದು ಪುಟ.

ನಮ್ಮ ಜಿಲ್ಲೆಯದೇ ಬೇಕಂದರೆ ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು. ಜಮೀನ್ದಾರರ ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿದ್ದನ್ನ, ಅವರಲ್ಲೊಬ್ಬರು ತನ್ನಪ್ಪನೇ ಅನ್ನೋದನ್ನ ಕಂಡ ಮಗು ಅದು. ‘ಊರು ಕೇರಿ’ ಪುಸ್ತಕವಾಗಿ ಬಂದಾಗ ಅವರು ನಲವತ್ತು ದಾಟಿದ್ದರು. ಅಷ್ಟು ವರ್ಷ ಆ ನೊಗ ಎಲ್ಲಿತ್ತು? ನಗಿಸ್ತಾ ನಗಿಸ್ತಾ ಹೇಳ್ತಾರೆ, ನಾವೂ ನಕ್ಕೊಂಡೇ ಓದ್ತೀವಿ. ನಾಲ್ಕು ಸಲ ಓದಿದ್ದೀನಿ, ನೊಗದ ಹತ್ತಿರ ಮಾತ್ರ ಪ್ರತಿ ಸಲ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಬರ್ತೀನಿ.

ಇನ್ನು ಸೈಕೋಥೆರಪಿ. ಮಾತಿನ ಚಿಕಿತ್ಸೆ ಶುರುವಾಗಿದ್ದು ವಿಯೆನ್ನಾದ ಸಿರಿವಂತರ ಕ್ಲಿನಿಕ್ಕಿನಲ್ಲಿ. ಬ್ರಾಯರ್ ಮತ್ತೆ ಫ್ರಾಯ್ಡ್ 1895ರಲ್ಲಿ ಪುಸ್ತಕ ತಂದರು. ಮೊದಲ ಮಹಾಯುದ್ಧದಲ್ಲಿ ಗುಂಡಿನ ಮಳೆ ನೋಡಿ ನಡುಗ್ತಿದ್ದ ಸಿಪಾಯಿಗಳನ್ನ ಮೊದಮೊದಲು ಹೇಡಿಗಳು ಅಂತಲೇ ಬೈದರು. ಯುದ್ಧ ಮುಗೀತು, ಮರೆತರು. ನಮಗೆ ಮುಖ್ಯವಾದದ್ದು ಇದರ ಮುಂದಿನ ಕಥೆ. 1970ರಲ್ಲಿ ವಿಯೆಟ್ನಾಂ ಯುದ್ಧ ಮುಗಿಸಿ ಬಂದ ಸಿಪಾಯಿಗಳು, ಯುದ್ಧದ ವಿರುದ್ಧ ಬೀದಿಗಿಳಿದಿದ್ದವರು, ನ್ಯೂಯಾರ್ಕಿನಲ್ಲಿ ತಮ್ಮದೇ ಆಫೀಸಿನಲ್ಲಿ ವಟ್ಟಾಗಿ ಕೂತು ಮಾತಾಡೋಕೆ ಶುರು ಮಾಡಿದರು. ನಿದ್ದೆ ಯಾಕೆ ಬರಲ್ಲ, ಸದ್ದಾದರೆ ಯಾಕೆ ಬೆಚ್ಚಿ ಬೀಳ್ತೀವಿ ಅಂತ. ರಾಬರ್ಟ್ ಲಿಫ್ಟನ್, ಖೈಮ್ ಶಾಟನ್ ಅನ್ನೋ ಮನೋವೈದ್ಯರನ್ನ ಅಲ್ಲಿಗೆ ಅವರೇ ಕರೆಸಿಕೊಂಡರು. ಡಾಕ್ಟರು ಬಂದಿದ್ದು ಸಂಘಟನೆಯ ಜಾಗಕ್ಕೆ, ಸಂಘಟನೆಯ ಷರತ್ತಿಗೆ ಒಪ್ಪಿ. ಹತ್ತು ವರ್ಷದ ಜಗ್ಗಾಟದ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ‘ಪಿಟಿಎಸ್‌ಡಿ’ ಸೇರಿತು. ಅವಳಿಗೆ ಬೈಕಿನ ಸದ್ದಿಗೆ ಆಗೋದಕ್ಕೆ ಹೆಸರು ಸಿಕ್ಕಿದ್ದು ಹಾಗೆ. ಜೂಡಿತ್ ಹರ್ಮನ್ ಅನ್ನೋ ಮನೋವೈದ್ಯೆ 1992ರಲ್ಲಿ ಬರೆದ ‘ಟ್ರಾಮಾ ಅಂಡ್ ರಿಕವರಿ’ಯಲ್ಲಿ ಇದನ್ನೇ ವಾದಿಸ್ತಾರೆ. ಆಘಾತದ ಬಗ್ಗೆ ವೈದ್ಯಶಾಸ್ತ್ರ ಬಾಯಿ ಬಿಟ್ಟಿದ್ದೆಲ್ಲಾ ಬೀದಿಯಲ್ಲಿ ಒಂದು ಚಳವಳಿ ಬೆನ್ನಿಗಿದ್ದಾಗ ಮಾತ್ರ. ಚಳವಳಿ ಸುಮ್ಮನಾದರೆ ಶಾಸ್ತ್ರವೂ ಮರೆತುಬಿಡುತ್ತೆ.

ಅವರು ಹೇಳೋ ಇನ್ನೊಂದು ವಿಷಯ, ವಾಸಿಯಾಗೋ ದಾರಿಗೊಂದು ಕ್ರಮ ಇದೆ ಅಂತ. ಮೊದಲು ಜೀವಕ್ಕೆ ಭದ್ರತೆ. ಮನೆ, ದಾರಿ, ನಿದ್ದೆ, ಮೈ ನಮ್ಮ ಹಿಡಿತದಲ್ಲಿದೆ ಅನ್ನಿಸಬೇಕು. ಆಮೇಲೆ ನಡೆದದ್ದನ್ನ ನೆನೆದು, ಹೇಳಿ, ಅಳೋದು. ಅದಾದ ಮೇಲೆ ಲೋಕದ ಜೊತೆ ಮತ್ತೆ ಬೆರೆತು ಮುಂದಿನ ದಾರಿ ನೋಡೋದು. ಕೋಚ್‌ಗೆ ಗೊತ್ತಿರೋದು ಈ ಕೊನೇ ಭಾಗ. ಅಲ್ಲಿ ಅವನು ಉಪಯೋಗಕ್ಕೆ ಬರ್ತಾನೆ. ನನ್ನ ಹಾಸ್ಟೆಲಿನ ಸೀನಿಯರ್ ಒಬ್ಬರು ಅರ್ಜಿ ತುಂಬೋದರಿಂದ ಹಿಡಿದು ಇಂಟರ್‌ವ್ಯೂನಲ್ಲಿ ಕುರ್ಚಿ ಮೇಲೆ ಹೇಗೆ ಕೂರಬೇಕು ಅನ್ನೋವರೆಗೂ ಕಲಿಸಿದರು. ಅವರಿಗಿಂತ ದೊಡ್ಡ ಕೋಚ್‌ನ ನಾನು ಕಂಡಿಲ್ಲ, ಒಂದು ಪೈಸೆ ತಗೊಂಡಿಲ್ಲ ಅವರು. ಆದರೆ ಒಂದು ರಾತ್ರಿ ನಾನು ನಿದ್ದೆಯಲ್ಲಿ ಕಿರುಚಿಕೊಂಡು ಎದ್ದಾಗ ಅವರು ಏನೂ ಕಲಿಸೋಕೆ ಹೋಗಲಿಲ್ಲ. ನೀರು ಕೊಟ್ಟು, ಬೆಳಗಾಗೋವರೆಗೂ ಪಕ್ಕದಲ್ಲಿ ಕೂತಿದ್ದರು. ಯಾವಾಗ ಯಾವುದು ಅಂತ ಅವರಿಗೆ ತಿಳೀತಿತ್ತು.

ನಮ್ಮ ರಾಜ್ಯದ ಚರಿತ್ರೆಗೆ ಬರೋಣ. ಮನಸ್ಸಿನ ವೈದ್ಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 1925ರಲ್ಲೇ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ‘ಮಾನಸಿಕ ಆಸ್ಪತ್ರೆ’ ಅಂತ ಮರ್ಯಾದೆಯ ಹೆಸರಿಟ್ಟರು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಹಳ್ಳಿಗೆ ಹೋಗಬೇಕು ಅಂತ ಆನೇಕಲ್ ಕಡೆಯ ಸಕಲವಾರದಲ್ಲಿ ಕೇಂದ್ರ ತೆರೆದರು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯ್ತು. ಅಲ್ಲೆಲ್ಲಾ ಮೊದಲ ಗಮನ ತೀವ್ರ ಮನೋರೋಗ ಮತ್ತೆ ಮೂರ್ಛೆರೋಗಕ್ಕೆ. ಅದೂ ಬೇಕಿತ್ತು ಬಿಡಿ, ಸರಪಳಿ ಹಾಕಿ ಕೂಡಿಹಾಕಿದ್ದವರು ಎಷ್ಟೋ ಜನ ಹೊರಗೆ ಬಂದರು.

1981ರ ಫೆಬ್ರವರಿ 7ರಂದು ಬೆಂಗಳೂರಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಹೋದರು, ಬಹುಪಾಲು ಮಕ್ಕಳು. ಆವಾಗ ನಿಮ್ಹಾನ್ಸಿನವರು ಮಕ್ಕಳನ್ನ ಕಳ್ಕೊಂಡವರ ದುಃಖ ಹೇಗಿರುತ್ತೆ ಅಂತ ಅವರನ್ನೇ ಕಂಡು ಅಧ್ಯಯನ ಮಾಡಿದರು. ದುರಂತದ ಮನಸ್ಸಿನ ಬಗ್ಗೆ ಈ ದೇಶದಲ್ಲಿ ನಡೆದ ಮೊದಮೊದಲ ಕೆಲಸಗಳಲ್ಲಿ ಅದೊಂದು. ಆಮೇಲೆ ಭೋಪಾಲ್, ಒಡಿಶಾದ ಚಂಡಮಾರುತ, ಗುಜರಾತಿನ ಭೂಕಂಪ, ಸುನಾಮಿ, ಎಲ್ಲಾ ಕಡೆ ಹೋದರು, ಊರಿನ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು. ಗಾಳಿ, ನೀರು, ಬೆಂಕಿ, ಭೂಮಿಯಿಂದಾದ ಆಘಾತಕ್ಕೆ ವಿದ್ಯೆ ಬೆಳೀತು. ಜಾತಿಯಿಂದಾದ ಆಘಾತಕ್ಕೆ?

2000ದ ಮಾರ್ಚ್ 11. ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿ. ಏಳು ಜನ ದಲಿತರನ್ನ ಸುಟ್ಟು ಕೊಂದರು. ನಾವು ಕನಕಪುರದಿಂದ ಒಂದು ವ್ಯಾನಿನಲ್ಲಿ ಹೋದ್ವಿ. ವ್ಯಾನಿನಲ್ಲಿ ವಕೀಲರಿದ್ದರು, ಹಾಡುಗಾರರಿದ್ದರು, ಬ್ಯಾನರ್ ಇತ್ತು, ಅಕ್ಕಿ ಮೂಟೆಯೂ ಇತ್ತು. ಮನಸ್ಸು ನೋಡೋರು ಒಬ್ಬರೂ ಇರಲಿಲ್ಲ, ಇರಬೇಕಿತ್ತು ಅಂತ ನಮಗೆ ಹೊಳೆಯಲೂ ಇಲ್ಲ. 2006ರಲ್ಲಿ ಆರೋಪಿಗಳೆಲ್ಲಾ ಖುಲಾಸೆಯಾದರು, ಸಾಕ್ಷಿಗಳು ತಿರುಗಿ ಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಸಾಕ್ಷಿಗಳು ಹಿಂಗ್ಯಾಕೆ ಮಾಡಿದರು ಅಂತ ನಾವು ಸಭೆಗಳಲ್ಲಿ ಸಿಟ್ಟು ಮಾಡ್ಕೊಂಡು ಮಾತಾಡ್ತಿದ್ವಿ. ಕೇಸು ಅಂದರೆ ಭಯ, ದುಡ್ಡು, ಒತ್ತಡ ಎಲ್ಲಾ ಇರುತ್ತೆ, ನಿಜ. ಆದರೆ ಕಂಡಿದ್ದನ್ನ ಮತ್ತೆ ಕಾಣೋಕೆ ಮನಸ್ಸೇ ಒಲ್ಲೆ ಅನ್ನುತ್ತಲ್ಲ, ಅದನ್ನ ಲೆಕ್ಕಕ್ಕೆ ತಗೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲ.

ಈಗ ನನ್ನ ತಪ್ಪನ್ನೂ ಹೇಳಿಬಿಡ್ತೀನಿ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರು ಮೊದಲಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿ ನಮ್ಮಂಥ ಸಾವಿರಾರು ಜನರ ಬೆನ್ನುಮೂಳೆ ನೆಟ್ಟಗೆ ಮಾಡ್ತು. ಆ ಅಧ್ಯಯನ ಶಿಬಿರ, ತಮಟೆ, ಹಾಡು ಇಲ್ಲದಿದ್ದರೆ ನಾನು ಇವತ್ತು ಹೊಂಗೆ ಮರದ ಕೆಳಗೆ ಇನ್ನೊಬ್ಬರ ಕುರಿ ಕಾಯ್ತಿದ್ದೆ. ಶಿಬಿರದಲ್ಲಿ ವಟ್ಟಾಗಿ ಕೂತು, ನನಗೂ ಹಿಂಗೇ ಆಗಿತ್ತು ಅಂತ ಒಬ್ಬೊಬ್ಬರೇ ಹೇಳ್ತಿದ್ದಾಗ ಆಗ್ತಿದ್ದ ಹಗುರ ಯಾವ ಚಿಕಿತ್ಸೆಗೂ ಕಮ್ಮಿಯಲ್ಲ. ಆದರೆ ನಾವು ಅದನ್ನ ಅಲ್ಲಿಗೇ ನಿಲ್ಲಿಸಲಿಲ್ಲ. 1990ರ ದಶಕದ ಕೊನೇಲಿ, ಮಗನನ್ನ ಕಳ್ಕೊಂಡು ಒಂದು ತಿಂಗಳೂ ಆಗಿರದ ಒಬ್ಬ ತಾಯಿಯನ್ನ ಒಂದೇ ದಿನ ಮೂರು ಕಡೆ ಮೈಕಿನ ಮುಂದೆ ನಿಲ್ಲಿಸಿದೆ ನಾನು. “ಹೇಳವ್ವ, ಜನಕ್ಕೆ ಗೊತ್ತಾಗಲಿ” ಅಂದೆ. ಮೊದಲನೇ ಸಲ ಅತ್ತು ಹೇಳಿದರು. ಎರಡನೇ ಸಲ ಬರೀ ಹೇಳಿದರು. ಮೂರನೇ ಸಲ ಮೈಕು ಹಿಡ್ಕೊಂಡು ಎತ್ತಲೋ ನೋಡ್ತಾ ನಿಂತುಬಿಟ್ಟರು. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆಮೇಲೆ ಆ ಅವ್ವ ಬಹಳ ದಿನ ಬಾಳಲಿಲ್ಲ. ಕಾರಣ ನಾನೇ ಅಂತ ಹೇಳೋಕೆ ನನ್ನ ಹತ್ತಿರ ಪುರಾವೆಯಿಲ್ಲ. ಅಲ್ಲ ಅಂತ ಹೇಳೋಕೂ ಇಲ್ಲ. ಮೂರು ದಿನದ ಕೋರ್ಸಿನ ಕೋಚ್ ಮೇಲೆ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ. ನಾವೂ ಮೊದಲ ಮೆಟ್ಟಿಲು ಬಿಟ್ಟು ಕೊನೇದಕ್ಕೆ ಹಾರಿಸಿದವರೇ.

ಹಾಗಂತ ಥೆರಪಿಸ್ಟ್ ಅಂದರೆ ದೇವರಲ್ಲ. ನನಗೆ ಗೊತ್ತಿರೋ ಒಬ್ಬ ವಿದ್ಯಾರ್ಥಿ ನಗರದ ಒಬ್ಬ ಖಾಸಗಿ ಥೆರಪಿಸ್ಟ್ ಹತ್ತಿರ ಹೋಗಿ ಹಾಸ್ಟೆಲಿನಲ್ಲಾದ ಜಾತಿ ಅವಮಾನ ಹೇಳಿಕೊಂಡ. ಈಗಲೂ ಅದೆಲ್ಲಾ ಇದೆಯಾ ಅಂತ ಅವರು ಆಶ್ಚರ್ಯಪಟ್ಟರಂತೆ. ಅವನು ಮುಂದಿನ ವಾರ ಹೋಗಲಿಲ್ಲ. ಪದವಿ ಇದ್ದು ಜಾತಿ ಕಾಣದವರು, ಜಾತಿ ಕಂಡರೂ ಕನ್ನಡದಲ್ಲಿ ಅಳು ಕೇಳಿಸಿಕೊಳ್ಳೋಕೆ ಬರದವರು, ಗಂಟೆಗೆ ನಮ್ಮ ಹೆಣ್ಣುಮಕ್ಕಳ ನಾಲ್ಕು ದಿನದ ಕೂಲಿ ಕೇಳೋರು, ಇವರೆಲ್ಲಾ ಇದ್ದಾರೆ. ಆದರೂ ಒಂದು ವ್ಯತ್ಯಾಸ ಇದೆ. ಆಸ್ಪತ್ರೆಯವರು ತಪ್ಪು ಮಾಡಿದರೆ ದೂರು ಕೊಡೋಕೆ ಒಂದು ಜಾಗ ಇದೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ. ಆ 18,000ಕ್ಕೆ ರಸೀದಿಯೂ ಇರಲಿಲ್ಲ.

ಕಾನೂನಿನ ಕಡೆ ನೋಡಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಿಂದ ಹೊಸ ಸೆಕ್ಷನ್ 15ಎ ಬಂತು, ಸಂತ್ರಸ್ತರ ಮತ್ತೆ ಸಾಕ್ಷಿಗಳ ಹಕ್ಕು ಅಂತ. ಊಟ, ನೀರು, ಬಟ್ಟೆ, ವಸತಿ, ವೈದ್ಯಕೀಯ ನೆರವು, ಓಡಾಟದ ಖರ್ಚು, ದಿನಭತ್ಯೆ ಎಲ್ಲಾ ಬಿಡಿಸಿ ಬರೆದಿದ್ದಾರೆ. ಅದೇ ವರ್ಷದ ನಿಯಮಗಳಲ್ಲಿ ಪರಿಹಾರ 85,000ದಿಂದ 8,25,000 ರೂಪಾಯಿವರೆಗೂ ಇದೆ. ಮನಸ್ಸಿನ ಚಿಕಿತ್ಸೆ ಅನ್ನೋ ಮಾತು ಆ ಸಾಲಿನಲ್ಲಿಲ್ಲ. ‘ವೈದ್ಯಕೀಯ ನೆರವು’ ಅನ್ನೋದರೊಳಗೆ ಅದನ್ನೂ ಸೇರಿಸಿ ಕೊಡಿ ಅಂತ ನಾವು ಕೇಳಬಹುದು. ಜಿಲ್ಲಾ ಮಟ್ಟದ ಜಾಗೃತಿ ಸಮಿತಿಗೆ ಕೊಡೋ ಅರ್ಜಿ ಬರ್ಕೊಂಡಿದ್ದೀನಿ, ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಚಾರ್ಜ್‌ಶೀಟ್ ಆದ ಎರಡು ತಿಂಗಳೊಳಗೆ ಆದಷ್ಟೂ ವಿಚಾರಣೆ ಮುಗಿಯಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ. ಇವಳದು ನಾಲ್ಕನೇ ವರ್ಷ. ಕೇಸು ಮುಗಿಯದೆ ಭದ್ರತೆ ಹೇಗೆ ಬರುತ್ತೆ?

ಸಾತನೂರಿಂದ ಒಂದಷ್ಟು ದೂರ ಹೋದರೆ ಕಬ್ಬಾಳದುರ್ಗ. ಮೈಸೂರರಸರ ಕಾಲದಲ್ಲಿ ಅದು ಸೆರೆಮನೆ. 1734ರಲ್ಲಿ ಗದ್ದುಗೆಯಿಂದ ಇಳಿಸಿದ ಚಾಮರಾಜ ಒಡೆಯರನ್ನ ಅಲ್ಲೇ ಇಟ್ಟರು, ಅಲ್ಲೇ ತೀರಿಕೊಂಡರು. ರಾಜನ ಸಂಕಟ ಆಗಿದ್ದರಿಂದ ಚರಿತ್ರೆಯಲ್ಲಿ ಸೇರಿದೆ. ಆ ಬೆಟ್ಟಕ್ಕೆ ಕಲ್ಲು ಹೊತ್ತವರು ರಾತ್ರಿ ಹೇಗೆ ಮಲಗ್ತಿದ್ದರು ಅಂತ ಯಾರು ಬರೆದಿದ್ದಾರೆ.

ಅವಳು ಈಗ ಒಂದು ಸರ್ಕಾರಿ ಆಸ್ಪತ್ರೆಯ ಸೈಕಾಲಜಿಸ್ಟ್ ಹತ್ತಿರ ಹೋಗ್ತಿದ್ದಾಳೆ, ಹದಿನೈದು ದಿನಕ್ಕೊಂದು ಸಲ. ಮೊದಲನೇ ದಿನ ಆ ಮೇಡಂ ಕೇಸಿನ ಬಗ್ಗೆ ಕೇಳಲೇ ಇಲ್ಲವಂತೆ. ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯ, ಮನೆ ಬಾಗಿಲಿಗೆ ಚಿಲಕ ಗಟ್ಟಿಯಿದೆಯಾ, ಬಸ್‌ಸ್ಟಾಪಿಂದ ಮನೆಗೆ ಬರೋಕೆ ಅವರ ಬೀದಿ ಬಿಟ್ಟು ಬೇರೆ ದಾರಿ ಇದೆಯಾ ಅಂತ ಕೇಳಿದರು. ಮೂರನೇ ಸಲ ಹೋದಾಗ ಜಾತಿ ಯಾವುದು ಅಂತ ಇವಳೇ ಹೇಳಿದಳು, ಅವರು ತಲೆಯಾಡಿಸಿ ಬರ್ಕೊಂಡರು, ಆಶ್ಚರ್ಯಪಡಲಿಲ್ಲ. ಅಪ್ಪನ ವಿಷಯ ಬಾಯಿಗೆ ಬಂದಿದ್ದು ಐದನೇ ಸಲ. “ನಿಲ್ಲಿಸಬೇಕು ಅನ್ಸಿದ್ರೆ ನಿಲ್ಲಿಸು ಅಂದ್ರು ಅಣ್ಣ” ಅಂದಳು ನನಗೆ. ಹಾಗೆ ನಿಲ್ಲಿಸು ಅಂತ ಇಷ್ಟು ವರ್ಷದಲ್ಲಿ ನಾನು ಯಾರಿಗೂ ಹೇಳಿರಲಿಲ್ಲ.

ಇನ್ನೂ ಬೈಕಿನ ಸದ್ದಿಗೆ ಎಚ್ಚರ ಆಗುತ್ತೆ. ಎದ್ದು ಕೂರೋದು ಕಮ್ಮಿಯಾಗಿದೆ, ಮಗ್ಗುಲು ಬದಲಾಯಿಸ್ತಾಳೆ ಅಂತ ಅವಳಮ್ಮ ಹೇಳಿದರು.

ಯಾರಿಗಾದರೂ ಬೇಕಾದರೆ: ಟೆಲಿ ಮಾನಸ್ ನಂಬರು 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲಿ, ದುಡ್ಡಿಲ್ಲದೆ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರೋದು ಮಂಗಳವಾರ. ಹೋಗೋ ಮುಂಚೆ ನಿಮ್ಮ ಆಸ್ಪತ್ರೆಯಲ್ಲಿ ಒಂದು ಸಲ ವಿಚಾರಿಸಿಕೊಳ್ಳಿ. ಜೊತೆಗೆ ಯಾರಾದರೂ ಬೇಕಂದರೆ ಕನಕಪುರ, ಸಾತನೂರು ಕಡೆಯವರು ನನಗೆ ಫೋನ್ ಮಾಡಿ, ನಂಬರು ನಿಮ್ಮೆಲ್ಲರ ಹತ್ತಿರ ಇದೆ.

ಮುಂದಿನ ವಾಯಿದೆಗೆ ಅವಳ ಪಕ್ಕದಲ್ಲಿ ಅವಳಮ್ಮ ಕೂರ್ತಾರೆ. ನಾನು ಹೊರಗೆ ಬೆಂಚಿನ ಮೇಲೆ ಇರ್ತೀನಿ. ಏನು ಹೇಳಿದೆ ಅಂತ ಕೇಳಲ್ಲ ಅಂತ ಮಾತು ಕೊಟ್ಟಿದ್ದೀನಿ.

ಜೈ ಭೀಮ್.